ನೆಂಟರೂ ಟೆಂಟೂ: ಎಲ್ಲರೂ ಸೇರಿ ಕ್ಯಾಂಪ್ ಹೂಡುವ ಬಗೆ

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುವ ಗಾದೆ ಕಟ್ಟಿದವರು ಯಾವಾಗಲೋ ಒಮ್ಮೆ ನೆಂಟರ ಜೊತೆ ಡೇರೆಯನ್ನೂ ಕಟ್ಟಿರಬೇಕು. ನಮ್ಮ ಮೊದಲ ಪ್ರವಾಸದಲ್ಲಿ ಒಂಬತ್ತು ಜನ ಇದ್ದೆವು, ಟೆಂಟ್ ಎರಡು. ಭಾವ ಒಂದು ಕಡೆ ಕಡ್ಡಿ ಜೋಡಿಸುತ್ತಿದ್ದರು, ಚಿಕ್ಕಪ್ಪ ಇನ್ನೊಂದು ಕಡೆಯಿಂದ "ಹಾಗಲ್ಲ ಅಳಿಯಂದ್ರೇ" ಅನ್ನುತ್ತಾ ಬಿಚ್ಚುತ್ತಿದ್ದರು. ಅತ್ತೆ ಟಾರ್ಚ್ ಹುಡುಕುತ್ತಿದ್ದರು. ನೆಲಕ್ಕೆ ಹಾಸಿದ ಬಟ್ಟೆಯೊಳಗೆ ಮಕ್ಕಳು ಆಗಲೇ ತೂರಿಕೊಂಡಿದ್ದವು. ಒಂದೂವರೆ ಗಂಟೆಯಾದ ಮೇಲೆ ಎದ್ದುನಿಂತ ಟೆಂಟಿನ ಮೇಲ್ಹೊದಿಕೆ ಒಳಮೈ ಹೊರಗಾಗಿತ್ತು. ಮುಂದಿನ ಸಲ ಅದೇ ಜನ, ಅದೇ ಟೆಂಟ್, ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ನಡುವೆ ಯಾರೂ ಹೊಸದೇನನ್ನೂ ಕಲಿತಿರಲಿಲ್ಲ. ಯಾರು ಏನು ಮಾಡಬೇಕು, ಯಾರು ಯಾವುದಕ್ಕೆ ಕೈ ಹಾಕಬಾರದು ಎಂದು ಹೊರಡುವ ಮೊದಲೇ ಮಾತಾಡಿಕೊಂಡಿದ್ದೆವು, ಅಷ್ಟೇ. ಈ ಬರಹದಲ್ಲಿ ಗೂಟ, ಹಗ್ಗ, ಕಡ್ಡಿಗಳ ವಿಚಾರ ಎಷ್ಟಿದೆಯೋ ಆ ಮಾತುಕತೆಯ ವಿಚಾರವೂ ಅಷ್ಟೇ ಇದೆ.

ಹೊರಡುವ ಮೊದಲು

ಟೆಂಟನ್ನು ಮನೆಯಲ್ಲಿ ಒಮ್ಮೆ ಪೂರ್ತಿ ಕಟ್ಟಿ ನೋಡಿ. ಅಂಗಳವೋ ತಾರಸಿಯೋ ದೊಡ್ಡ ಕೋಣೆಯೋ, ಎಲ್ಲಾದರೂ ಸರಿ. ಹೊಸದಾದರಂತೂ ಇದನ್ನು ತಪ್ಪಿಸಲೇಬೇಡಿ. ಕಡ್ಡಿ ಕಡಿಮೆ ಬಂದಿದೆ, ಜಿಪ್ ಕಚ್ಚಿಕೊಳ್ಳುತ್ತಿದೆ ಎಂಬುದು ಕತ್ತಲಲ್ಲಿ, ಅಪರಿಚಿತ ಜಾಗದಲ್ಲಿ ಗೊತ್ತಾಗುವುದಕ್ಕಿಂತ ಮನೆಯಲ್ಲಿ ಗೊತ್ತಾಗುವುದು ಮೇಲು. ಸಾಧ್ಯವಾದರೆ ಜೊತೆಗೆ ಬರುವವರಲ್ಲಿ ಇನ್ನೊಬ್ಬರನ್ನೂ ಅಂದು ಕರೆಯಿರಿ. ಟೆಂಟ್ ಬಲ್ಲವರು ಒಬ್ಬರೇ ಇದ್ದರೆ ಅವರಿಗೆ ಅಲ್ಲಿ ಒಂದು ಕ್ಷಣವೂ ಬಿಡುವು ಸಿಗುವುದಿಲ್ಲ.

ಚೀಲದ ಮೇಲೆ "4 ಜನರಿಗೆ" ಎಂದು ಬರೆದಿದ್ದರೆ ನಾಲ್ಕು ಕಿರಿದಾದ ಮ್ಯಾಟುಗಳು ಒಂದಕ್ಕೊಂದು ತಾಗಿಕೊಂಡು ಹಿಡಿಸುತ್ತವೆ ಎಂದು ಮಾತ್ರ ಅರ್ಥ. ಬ್ಯಾಗಿಗೆ, ಮಗ್ಗುಲು ಬದಲಿಸುವುದಕ್ಕೆ, ರಾತ್ರಿ ಎದ್ದು ಹೋಗುವುದಕ್ಕೆ ಅದರಲ್ಲಿ ಜಾಗವಿಲ್ಲ. ಗೆಳೆಯರಾದರೆ ಹೇಗೋ ಸುಧಾರಿಸಿಕೊಳ್ಳುತ್ತಾರೆ. ಬಂಧುಗಳಾದರೆ ಆ ಸಂಖ್ಯೆಯಿಂದ ಕನಿಷ್ಠ ಒಂದನ್ನು ಕಳೆದುಬಿಡಿ. ಗೊರಕೆ ಹೊಡೆಯುವವರು ಯಾರು ಎಂಬುದು ಇಡೀ ಕುಟುಂಬಕ್ಕೆ ಗೊತ್ತಿರುವ ಗುಟ್ಟು. ಅವರಿಗೊಂದು ಬೇರೆ ಟೆಂಟನ್ನು ಮೊದಲೇ ಲೆಕ್ಕ ಹಾಕಿಟ್ಟರೆ ಅಲ್ಲಿ ಮುಜುಗರದ ಮಾತು ಬರುವುದಿಲ್ಲ.

ಸ್ಲೀಪಿಂಗ್ ಬ್ಯಾಗಿನ ಮೇಲೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಉಷ್ಣಾಂಶ ಇರುತ್ತದೆ. ಐಎಸ್‌ಒ 23537 ಮಾನದಂಡದಂತೆ ಪರೀಕ್ಷೆಯಾದವುಗಳಲ್ಲಿ "ಕಂಫರ್ಟ್" ಮತ್ತು "ಲಿಮಿಟ್" ಎಂಬ ಎರಡನ್ನು ನೋಡಿ. ಲಿಮಿಟ್ ಎಂದರೆ ಮುದುಡಿ ಮಲಗಿ ಹೇಗೋ ರಾತ್ರಿ ಕಳೆಯಬಹುದಾದ ಮಟ್ಟ. ಹಿರಿಯರಿಗೂ ಬೇಗ ಚಳಿ ಹತ್ತುವವರಿಗೂ ಕಂಫರ್ಟ್ ಸಂಖ್ಯೆಯನ್ನೇ ನಂಬಿ. ಕೆಳಗೆ ಹಾಸುವ ಮ್ಯಾಟಿಗೆ ಆರ್-ವ್ಯಾಲ್ಯೂ ಎಂಬ ಅಳತೆ ಇದೆ. ನೆಲ ಎಳೆದುಕೊಳ್ಳುವ ಬಿಸಿಯನ್ನು ಮ್ಯಾಟು ಎಷ್ಟು ತಡೆಯುತ್ತದೆ ಎಂಬುದರ ಲೆಕ್ಕ ಅದು. ಬೆಚ್ಚಗಿನ ರಾತ್ರಿಗಳಿಗೆ 1 ಅಥವಾ 2 ಸಾಕು, ನೆಲ ಕೊರೆಯುವಂತಿದ್ದರೆ 4ಕ್ಕಿಂತ ಮೇಲಿನದು ಬೇಕು. ದಪ್ಪ ಹೊದಿಕೆ ತಂದು ತೆಳು ಮ್ಯಾಟು ಹಾಸಿದವರೇ ಬೆಳಗ್ಗೆ "ರಾತ್ರಿಯೆಲ್ಲ ಬೆನ್ನು ಕೊರೆಯಿತು" ಅನ್ನುವುದು. ಮೈಭಾರಕ್ಕೆ ಕೆಳಗಿನ ಹೊದಿಕೆ ಅಪ್ಪಚ್ಚಿಯಾಗಿ ಅದರೊಳಗೆ ಗಾಳಿಯೇ ಉಳಿಯುವುದಿಲ್ಲ. ಗಾಳಿಯಿಲ್ಲದ ಹೊದಿಕೆ ಬಿಸಿ ಹಿಡಿಯುವುದಿಲ್ಲ.

ಕೊನೆಗೆ ಗೂಟ ಎಣಿಸಿ. ಎಷ್ಟಿವೆ ಎಂದು ಚೀಲದ ಒಳಗೆ ಶಾಯಿಯಲ್ಲಿ ಬರೆದಿಡಿ. ಈ ಸಂಖ್ಯೆ ವಾಪಸು ಬರುವಾಗ ಬೇಕಾಗುತ್ತದೆ.

ಒಂದು ಟೆಂಟಿಗೆ ಒಬ್ಬರೇ ಮೇಸ್ತ್ರಿ

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಪ್ರತಿ ಟೆಂಟಿಗೂ ಒಬ್ಬ ಮೇಸ್ತ್ರಿ, ಅವರ ಕೈಕೆಳಗೆ ಒಬ್ಬರು ಅಥವಾ ಇಬ್ಬರು. ಮೂರಕ್ಕಿಂತ ಹೆಚ್ಚು ಕೈ ಬೇಡ. ಮೇಸ್ತ್ರಿ ವಯಸ್ಸಿನಲ್ಲಿ ದೊಡ್ಡವರೇ ಆಗಬೇಕೆಂದಿಲ್ಲ, ಆ ಟೆಂಟನ್ನು ಮನೆಯಲ್ಲಿ ಕಟ್ಟಿದವರಾಗಿರಬೇಕು. ಹದಿನೈದು ವರ್ಷದ ಹುಡುಗಿಯೇ ಆದರೂ ಸರಿ. ನಮ್ಮಲ್ಲಿ ಇದನ್ನು ಹೇಳಿದ್ದು ಅಜ್ಜಿ: "ಇವತ್ತು ಅವಳು ಹೇಳಿದ ಹಾಗೆ ಕೇಳ್ರೋ." ಮನೆಯ ಹಿರಿಯರ ಬಾಯಿಂದ ಆ ಮಾತು ಬಂದ ಮೇಲೆ ಚಿಕ್ಕಪ್ಪನೂ ಸುಮ್ಮನಾದರು. ಹಾಗಾಗಿ ಹಿರಿಯರೊಬ್ಬರನ್ನು ಮೊದಲೇ ಒಲಿಸಿಕೊಳ್ಳುವುದು ಒಳ್ಳೆಯ ಉಪಾಯ.

ಉಳಿದವರನ್ನು ಖಾಲಿ ಕೂರಿಸಬೇಡಿ. ಕೆಲಸವಿಲ್ಲದ ಕೈ ಬಂದು ಕಡ್ಡಿ ಹಿಡಿದು ಎಳೆಯುತ್ತದೆ. ಗಾಡಿಯಿಂದ ಮೊದಲು ಇಳಿಯಬೇಕಾದದ್ದು ಕುರ್ಚಿಗಳು. ನೆರಳಿನಲ್ಲಿ, ಎಲ್ಲ ಕಾಣುವಂತೆ ಹಾಕಿ ಹಿರಿಯರನ್ನು ಕೂರಿಸಿ. ಅವರಿಗೆ ನಿಜವಾದ ಕೆಲಸಗಳೇ ಇವೆ. ಹಗ್ಗದ ಸಿಕ್ಕು ಬಿಡಿಸುವುದು, ಟಾರ್ಚುಗಳ ಬ್ಯಾಟರಿ ನೋಡುವುದು, ದೂರದಿಂದ ಕಣ್ಣಳತೆಯಲ್ಲಿ ಟೆಂಟು ಎತ್ತ ವಾಲಿದೆ ಎಂದು ಹೇಳುವುದು. ಕೊನೆಯದನ್ನು ಮರ್ಯಾದೆಗೆ ಕೊಟ್ಟ ಕೆಲಸ ಅಂದುಕೊಳ್ಳಬೇಡಿ, ಹತ್ತಿರ ನಿಂತು ಕಟ್ಟುವವರಿಗೆ ವಾಲಿದ್ದು ಕಾಣುವುದೇ ಇಲ್ಲ.

ಮಕ್ಕಳಲ್ಲಿ ಒಬ್ಬರನ್ನು ಗೂಟದ ಖಜಾಂಚಿ ಮಾಡಿ. ಗೂಟದ ಚೀಲ ಅವರ ಕೈಯಲ್ಲೇ ಇರಬೇಕು, ಕೇಳಿದಾಗ ಒಂದೊಂದೇ ಎಣಿಸಿ ಕೊಡಬೇಕು. ಅಷ್ಟು ಜವಾಬ್ದಾರಿ ಸಿಕ್ಕ ಮಗು ಟೆಂಟಿನ ಬಟ್ಟೆ ಮೇಲೆ ಓಡಾಡುವುದಿಲ್ಲ. ಸುತ್ತಿಗೆ ಮಾತ್ರ ದೊಡ್ಡವರ ಕೈಯಲ್ಲಿರಲಿ.

ಜಾಗ ಆರಿಸುವುದು

ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲಾದರೂ ತಲುಪಿ. ಟೆಂಟ್ ಹಾಕಲು ಅನುಮತಿ ಇರುವ ಜಾಗವೇ ಎಂದು ಖಚಿತಪಡಿಸಿಕೊಂಡು, ಸಾಮಾನು ಇಳಿಸುವ ಮೊದಲು ಇಬ್ಬರು ಸುತ್ತಾಡಿ ಬನ್ನಿ.

ಮೊದಲು ತಲೆ ಎತ್ತಿ ನೋಡಿ. ಒಣಗಿದ ಕೊಂಬೆ, ಅರ್ಧ ಮುರಿದು ನೇತಾಡುವ ರೆಂಬೆ ಇರುವ ಮರದ ಕೆಳಗೆ ಬೇಡವೇ ಬೇಡ. ಬಯಲಿನಲ್ಲಿ ಒಂಟಿಯಾಗಿ ನಿಂತ ಮರವೂ ಬೇಡ, ಸಿಡಿಲು ಹುಡುಕುವುದು ಅದನ್ನೇ. ಆಮೇಲೆ ನೆಲ ನೋಡಿ. ಸುತ್ತಲಿಗಿಂತ ತುಸು ಎತ್ತರದ, ಸಮತಟ್ಟಾದ ಜಾಗ ಬೇಕು. ತರಗೆಲೆ, ಕಸಕಡ್ಡಿ ಒಂದೇ ದಿಕ್ಕಿಗೆ ಗೆರೆ ಎಳೆದಂತೆ ಬಿದ್ದಿದ್ದರೆ ಮಳೆ ಬಂದಾಗ ನೀರು ಹರಿಯುವ ದಾರಿ ಅದೇ. ಒಣಗಿದ ತೊರೆಯ ಪಾತ್ರ ಮರಳು ಹಾಸಿ ಮೆತ್ತಗೆ ಕಾಣುತ್ತದೆ, ಆದರೆ ದೂರದಲ್ಲೆಲ್ಲೋ ಸುರಿದ ಮಳೆ ಇಲ್ಲಿಗೆ ಬರಲು ಹೆಚ್ಚು ಹೊತ್ತು ಬೇಡ. ನೀರಿನ ದಡದಿಂದ ಸುಮಾರು 60 ಮೀಟರ್ ದೂರವಿದ್ದರೆ ನೀರೂ ಚೊಕ್ಕವಾಗಿರುತ್ತದೆ, ಸೊಳ್ಳೆಯೂ ಕಡಿಮೆ, ರಾತ್ರಿ ಮಂಜೂ ಕಡಿಮೆ.

ಜಾಗ ಒಪ್ಪಿಗೆಯಾದರೆ ಅಲ್ಲೇ ಒಮ್ಮೆ ಅಂಗಾತ ಮಲಗಿ. ನೋಡುವವರು ನಗಲಿ ಬಿಡಿ. ಕಣ್ಣಿಗೆ ಕಾಣದ ಇಳಿಜಾರು, ಬೆನ್ನಿಗೆ ಚುಚ್ಚುವ ಬೇರು ಎರಡೂ ಆಗ ಗೊತ್ತಾಗುತ್ತವೆ. ತುಸು ಇಳಿಜಾರು ಇದ್ದರೆ ತಲೆ ಎತ್ತರದ ಕಡೆಗೆ ಬರುವಂತೆ ಟೆಂಟನ್ನು ತಿರುಗಿಸಿ. ಗಾಳಿ ಬೀಸುವ ಕಡೆಗೆ ಟೆಂಟಿನ ಕಿರಿದಾದ, ತಗ್ಗಾದ ತುದಿ ಇರಲಿ, ಬಾಗಿಲು ಅದಕ್ಕೆ ಬೆನ್ನು ಹಾಕಿರಲಿ. ಎರಡು ಟೆಂಟುಗಳ ಹಗ್ಗಗಳು ಒಂದನ್ನೊಂದು ದಾಟದಷ್ಟು, ನಡುವೆ ಒಬ್ಬರು ಆರಾಮಾಗಿ ನಡೆಯುವಷ್ಟು ಅಂತರ ಬಿಡಿ. ಅಡುಗೆಯ ಜಾಗವನ್ನು ಟೆಂಟುಗಳಿಂದ ಕನಿಷ್ಠ 3 ಮೀಟರ್ ಆಚೆ, ಗಾಳಿ ಹೊಗೆಯನ್ನು ಟೆಂಟಿನತ್ತ ತರದ ಬದಿಯಲ್ಲಿ ಗುರುತು ಮಾಡಿ.

ಟೆಂಟ್ ಎಬ್ಬಿಸುವ ಕ್ರಮ

ಮೋಡ ಕವಿದಿದ್ದರೆ ಮೊದಲು ಟಾರ್ಪಾಲಿನ್ ಕಟ್ಟಿ, ಸಾಮಾನನ್ನೂ ಹಿರಿಯರನ್ನೂ ಅದರ ಕೆಳಗೆ ಸೇರಿಸಿ, ಆಮೇಲೆ ಟೆಂಟಿಗೆ ಕೈ ಹಾಕಿ. ಇಲ್ಲವಾದರೆ ನೇರ ಟೆಂಟ್. ಈಗ ಹೆಚ್ಚಾಗಿ ಸಿಗುವ ಎರಡು ಪದರದ ಗುಮ್ಮಟದ ಟೆಂಟನ್ನೇ ಇಟ್ಟುಕೊಂಡು ಹೇಳುತ್ತೇನೆ. ಒಳಗಿನದು ಬಲೆಯಿರುವ ಡೇರೆ, ಹೊರಗಿನದು ಮಳೆ ತಡೆಯುವ ಮೇಲ್ಹೊದಿಕೆ.

1. ಕಲ್ಲು, ಕಡ್ಡಿ, ಮುಳ್ಳು ಆರಿಸಿ ತೆಗೆಯಿರಿ. ಗ್ರೌಂಡ್‌ಶೀಟ್ ಹಾಸಿ. ಇದು ಟೆಂಟಿನ ತಳಕ್ಕಿಂತ ಎಲ್ಲ ಕಡೆ ಒಂದಿಷ್ಟು ಚಿಕ್ಕದಾಗಿರಬೇಕು, ದೊಡ್ಡದಿದ್ದರೆ ಅಂಚನ್ನು ಒಳಕ್ಕೆ ಮಡಚಿ. "ಹೊರಗೆ ಸ್ವಲ್ಪ ಇರಲಿ, ಚಪ್ಪಲಿ ಇಡೋಕೆ ಆಗುತ್ತೆ" ಎಂದು ನಾವೊಮ್ಮೆ ಬಿಟ್ಟಿದ್ದೆವು. ಮೇಲ್ಹೊದಿಕೆಯಿಂದ ಇಳಿದ ಮಳೆನೀರನ್ನೆಲ್ಲ ಆ ಅಂಚು ಹಿಡಿದು ಟೆಂಟಿನ ಅಡಿಗೇ ತಂದಿತು. ನಡುರಾತ್ರಿ ನೀರಿನ ಹಾಸಿಗೆಯ ಮೇಲೆ ಮಲಗಿದ ಹಾಗಿತ್ತು.

2. ಒಳಡೇರೆಯನ್ನು ಹಾಸಿ, ಬಾಗಿಲು ಯಾವ ಕಡೆ ಎಂದು ಮೇಸ್ತ್ರಿ ಒಮ್ಮೆ ಜೋರಾಗಿ ಹೇಳಲಿ. ಬಾಗಿಲಿನ ಜಿಪ್‌ಗಳನ್ನು ಈಗಲೇ ಪೂರ್ತಿ ಮುಚ್ಚಿ. ತೆರೆದಿಟ್ಟು ಗೂಟ ಹೊಡೆದರೆ ಬಟ್ಟೆ ಅಡ್ಡಾದಿಡ್ಡಿ ಎಳೆದುಕೊಂಡು ಆಮೇಲೆ ಜಿಪ್ ಕೂಡುವುದಿಲ್ಲ. ಗಾಳಿ ಇದ್ದರೆ ಅದು ಬರುವ ಕಡೆಯ ಎರಡು ಮೂಲೆಗೆ ಮೊದಲು ಗೂಟ ಹಾಕಿ. ಟೆಂಟ್ ಪೂರ್ತಿ ಬಿಗಿಯಾಗುವವರೆಗೆ ಒಬ್ಬರ ಕೈ ಬಟ್ಟೆಯ ಮೇಲೆ ಇದ್ದೇ ಇರಬೇಕು. ಗೂಟವಿಲ್ಲದ ಗುಮ್ಮಟಕ್ಕೂ ಗಾಳಿಪಟಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

3. ಕಡ್ಡಿಗಳನ್ನು ಜೋಡಿಸಿ. ಪ್ರತಿ ಕೀಲಿನಲ್ಲೂ ತುಂಡು ಪೂರ್ತಿ ಒಳಗೆ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಅರ್ಧ ಕೂತದ್ದು ಬಗ್ಗಿಸುವಾಗ ಅಲ್ಲೇ ಸೀಳುತ್ತದೆ. ಫೈಬರ್ ಗ್ಲಾಸ್ ಕಡ್ಡಿಯಾದರೆ ಸೀಳಿದ ಎಳೆ ಬೆರಳಿಗೂ ಹೊಕ್ಕುತ್ತದೆ. ಒಳಗಿನ ಎಲಾಸ್ಟಿಕ್ ದಾರ ತಂತಾನೇ ಸೇರಿಸುತ್ತದೆಂದು ಕಡ್ಡಿಯನ್ನು ಜಾಡಿಸಿ ಆಟವಾಡಬೇಡಿ, ಮಕ್ಕಳಿಗಿಂತ ದೊಡ್ಡವರಿಗೇ ಈ ಚಟ ಜಾಸ್ತಿ.

4. ಕಡ್ಡಿಯನ್ನು ಬಟ್ಟೆಯ ತೋಳಿನೊಳಗೆ ತಳ್ಳಿ, ಎಳೆಯಬೇಡಿ. ಎಳೆದರೆ ಕೀಲು ಬಿಟ್ಟುಕೊಂಡು ಅರ್ಧ ಕಡ್ಡಿ ನಡುವೆ ಸಿಕ್ಕಿಬೀಳುತ್ತದೆ. ಇಬ್ಬರ ಕೆಲಸ ಇದು. ಒಬ್ಬರು ಒಂದು ತುದಿಯಿಂದ ತಳ್ಳಬೇಕು, ಇನ್ನೊಬ್ಬರು ಬಟ್ಟೆಯನ್ನು ನೆರಿಗೆ ಹಿಡಿದಂತೆ ಅವರತ್ತ ಸರಿಸುತ್ತಾ ಬರಬೇಕು. ಎರಡೂ ಕಡ್ಡಿ ಅಡ್ಡಡ್ಡ ಹಾಯ್ದ ಮೇಲೆ ಎದುರುಬದುರು ಮೂಲೆಯಲ್ಲಿ ನಿಂತು, "ಹೂಂ" ಅಂದಾಗ ಒಟ್ಟಿಗೆ ಬಗ್ಗಿಸಿ ತುದಿಗಳನ್ನು ಮೂಲೆಯ ಉಂಗುರಕ್ಕೆ ಸೇರಿಸಿ. ಗುಮ್ಮಟ ಏಳುವ ಈ ಗಳಿಗೆಯನ್ನು ನೋಡಲು ಎಲ್ಲರನ್ನೂ ಕರೆಯಿರಿ, ಅಲ್ಲಿಯವರೆಗೆ ಬೇಡ.

5. ಎದ್ದ ಟೆಂಟನ್ನು ಎತ್ತಿ ಸರಿಯಾದ ಜಾಗಕ್ಕೆ ಕೂರಿಸಿ, ಮೂಲೆಗಳನ್ನು ಬಿಗಿಯಾಗಿ ಎಳೆದು ಗೂಟ ಹೊಡೆಯಿರಿ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಮೊನೆ ಟೆಂಟಿನ ಅಡಿಯತ್ತ ಹೋಗಬೇಕು, ಸುಮಾರು 45 ಡಿಗ್ರಿ ಓರೆ. ಕೊಕ್ಕೆ ಹೊರಮುಖವಾಗಿರಲಿ. ತಲೆ ಮಾತ್ರ ಕಾಣುವಷ್ಟು ಇಳಿಯಲಿ, ಇಲ್ಲವಾದರೆ ರಾತ್ರಿ ಯಾರದೋ ಕಾಲ್ಬೆರಳಿಗೆ ಕಾದಿರುತ್ತದೆ.

6. ಮೇಲ್ಹೊದಿಕೆಯನ್ನು ಗಾಳಿಯ ಕಡೆಯಿಂದ ಎತ್ತಿ ಹೊದಿಸಿ. ಹೊಲಿಗೆಗೆ ಅಂಟಿಸಿದ ಪಟ್ಟಿ ಇರುವ ಮೈ ಒಳಗೆ. ಅದರ ಬಾಗಿಲು ಒಳಡೇರೆಯ ಬಾಗಿಲಿಗೆ ಸರಿಯಾಗಿ ಬಂದಿದೆಯೇ ನೋಡಿ. ಅಡಿಯಲ್ಲಿ ಕೈ ಹಾಕಿ ಅದರ ಪಟ್ಟಿಗಳನ್ನು ಕಡ್ಡಿಗೆ ಸುತ್ತಿ ಅಂಟಿಸಿ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು, ಆದರೆ ಬಿರುಗಾಳಿಯಲ್ಲಿ ಕಡ್ಡಿಯನ್ನು ನೆಟ್ಟಗೆ ಹಿಡಿಯುವುದು ಇವೇ.

7. ಎಳೆಹಗ್ಗಗಳನ್ನು ಕಟ್ಟಿ. ಹಗ್ಗ ಹೊಲಿಗೆಯ ಗೆರೆಗೆ ನೇರವಾಗಿ ಹೋಗಲಿ. ಒಳಬಟ್ಟೆಯೂ ಹೊರಬಟ್ಟೆಯೂ ಎಲ್ಲಿಯೂ ತಾಗಬಾರದು, ನಡುವೆ ಅಂಗೈ ಹೋಗುವಷ್ಟು ಸಂದು ಬೇಕು. ತಾಗಿದ ಕಡೆಯಿಂದಲೇ ನೀರು ಒಳಗೆ ಜಿನುಗುವುದು.

ಹಗ್ಗಕ್ಕೆ ಬಿಗಿ ಮಾಡುವ ಪ್ಲಾಸ್ಟಿಕ್ ತುಂಡು ಇಲ್ಲದಿದ್ದರೆ ಜಾರುವ ಗಂಟೊಂದು ಕಲಿತಿರಿ. ಹಗ್ಗವನ್ನು ಗೂಟಕ್ಕೆ ಸುತ್ತಿ ವಾಪಸು ತನ್ನಿ. ಗೂಟದ ಕಡೆಯ ಕುಣಿಕೆಯೊಳಗೆ, ಬಿಗಿದ ಹಗ್ಗಕ್ಕೆ ಎರಡು ಸುತ್ತು ಹಾಕಿ. ಆಮೇಲೆ ಕುಣಿಕೆಯ ಆಚೆ, ಟೆಂಟಿನ ಕಡೆಗೆ, ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕಿ ತುದಿಯನ್ನು ಅದರ ಅಡಿಯಿಂದ ತೂರಿಸಿ ಬಿಗಿಯಿರಿ. ಕೈಯಲ್ಲಿ ತಳ್ಳಿದರೆ ಗಂಟು ಜಾರುತ್ತದೆ, ಹಗ್ಗ ಎಳೆದಾಗ ಕಚ್ಚಿ ಹಿಡಿಯುತ್ತದೆ. ಮನೆಯಲ್ಲಿ ಕುರ್ಚಿ ಕಾಲಿಗೆ ಕಟ್ಟಿ ಕಟ್ಟಿ ಕಲಿತರೆ ಹತ್ತು ನಿಮಿಷದ ವಿದ್ಯೆ.

ನೆಲ ಮರಳಾದರೆ ಸಾಮಾನ್ಯ ಗೂಟ ನಿಲ್ಲುವುದಿಲ್ಲ. ಗಟ್ಟಿ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಹೂತುಬಿಡಿ. ಬಂಡೆಯಾದರೆ ಹಗ್ಗದ ತುದಿಗೆ ಒಂದು ಕೋಲು ಕಟ್ಟಿ ಅದರ ಮೇಲೆ ಭಾರದ ಕಲ್ಲು ಹೇರಿ.

ನೈಲಾನ್ ಬಟ್ಟೆ ಒದ್ದೆಯಾದಾಗ ಹಿಗ್ಗಿ ಜೋಲುತ್ತದೆ. ಆದ್ದರಿಂದ ಸಂಜೆ ಬಿಗಿದದ್ದನ್ನು ಮಲಗುವ ಮುಂಚೆ ಒಂದು ಸುತ್ತು ಹೋಗಿ ಮತ್ತೆ ಬಿಗಿಯಿರಿ. ಗಾಳಿಕಿಂಡಿಗಳನ್ನು ಚಳಿ ಇದ್ದರೂ ತೆರೆದೇ ಇಡಿ. ಮಲಗಿದವರ ಉಸಿರಿನ ತೇವ ರಾತ್ರಿಯಿಡೀ ಮೇಲ್ಹೊದಿಕೆಯ ಒಳಮೈಗೆ ಹನಿಗಟ್ಟುತ್ತದೆ. ಬೆಳಗ್ಗೆ "ಟೆಂಟ್ ಸೋರ್ತಿದೆ" ಎಂಬ ದೂರು ಬಂದರೆ ಅರ್ಧಕ್ಕರ್ಧ ಇದೇ ಕಾರಣ.

ಟಾರ್ಪಾಲಿನ್

ಎರಡು ಮರಗಳ ನಡುವೆ ಹಗ್ಗ ಬಿಗಿದು ಅದರ ಮೇಲೆ ಟಾರ್ಪಾಲಿನ್ ಹಾಯಿಸಿ, ಒಂದು ಮಗ್ಗುಲನ್ನು ಇನ್ನೊಂದಕ್ಕಿಂತ ತಗ್ಗಿಸಿ ಕಟ್ಟಿ. ಸಮನಾಗಿ ಕಟ್ಟಿದರೆ ನಡುವೆ ನೀರು ನಿಂತು ಹೊಟ್ಟೆ ಬಿಡುತ್ತದೆ, ಅದು ಒಮ್ಮೆಲೇ ಸುರಿಯುವುದು ಯಾವಾಗಲೂ ಯಾರಾದರೂ ಕೆಳಗೆ ಕೂತಾಗಲೇ. ಎಲ್ಲರೂ ಕೂತು ಹರಟುವ ಜಾಗ ಇದೇ ಆಗುವುದರಿಂದ ತಲೆ ತಾಗದಷ್ಟು ಎತ್ತರವಿರಲಿ.

ಹಾಸಿಗೆ

ತಾನಾಗಿ ಉಬ್ಬುವ ಮ್ಯಾಟಿನ ಬಿರಡೆ ತೆರೆದು ಟೆಂಟ್ ಎದ್ದ ಕೂಡಲೇ ಒಳಗೆ ಹಾಕಿಬಿಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದರಷ್ಟಕ್ಕೆ ಅದು ಗಾಳಿ ಎಳೆದುಕೊಂಡಿರುತ್ತದೆ, ಕೊನೆಗೆ ನಾಲ್ಕು ಉಸಿರು ಊದಿದರೆ ಸಾಕು. ಗಾಳಿ ಹಾಸಿಗೆ ರಾತ್ರಿ ಮೆತ್ತಗಾದರೆ ತೂತಾಗಿದೆ ಎಂದು ಗಾಬರಿಯಾಗಬೇಡಿ, ತಂಪಾದ ಗಾಳಿ ಕುಗ್ಗುತ್ತದೆ. ಸ್ಲೀಪಿಂಗ್ ಬ್ಯಾಗನ್ನು ಮಲಗುವುದಕ್ಕೆ ಒಂದು ಗಂಟೆ ಮೊದಲೇ ಬಿಚ್ಚಿ ಕೊಡವಿ ಹರಡಿ. ಉಬ್ಬಿದಷ್ಟೂ ಬೆಚ್ಚಗೆ.

ಯಾರು ಎಲ್ಲಿ ಮಲಗಬೇಕು ಎಂಬುದನ್ನು ಬೆಳಕಿರುವಾಗಲೇ ತೀರ್ಮಾನಿಸಿ. ರಾತ್ರಿ ಏಳುವ ಹಿರಿಯರು ಬಾಗಿಲ ಪಕ್ಕ, ಹೊರಳಾಡುವ ಮಕ್ಕಳು ನಡುವೆ. ಪ್ರತಿ ಟೆಂಟಿನಲ್ಲೂ ಟಾರ್ಚಿಗೆ ಒಂದೇ ಜಾಗ, ಬಾಗಿಲ ಬಲಗಡೆಯ ಜೇಬು ಎಂದು ಗೊತ್ತುಮಾಡಿ. ಕತ್ತಲಲ್ಲಿ ಹುಡುಕುವವರಿಗೆ ಯಾವ ಟೆಂಟಿನಲ್ಲಾದರೂ ಕೈ ಅಲ್ಲಿಗೇ ಹೋಗುತ್ತದೆ. ಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಿ.

ಒಲೆ: ಇಲ್ಲಿ ಮಾತ್ರ ರಾಜಿ ಇಲ್ಲ

ಗ್ಯಾಸ್ ಕ್ಯಾನಿಸ್ಟರನ್ನು ಬಯಲಿನಲ್ಲಿ, ಯಾವ ಬೆಂಕಿಯೂ ಹತ್ತಿರವಿಲ್ಲದಾಗ, ನೆಟ್ಟಗೆ ಹಿಡಿದು ತಿರುಗಿಸಿ ಕೂರಿಸಿ. ಅದಕ್ಕೂ ಮೊದಲು ಒಲೆಯ ಬಾಯಲ್ಲಿರುವ ರಬ್ಬರ್ ಉಂಗುರ ಬಿರುಕು ಬಿಟ್ಟಿಲ್ಲವೆಂದು ನೋಡಿ. ಸೋರುವ ಅನುಮಾನ ಬಂದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಆ ಒಲೆ ಇವತ್ತಿಗೆ ಬೇಡ. ಒಲೆ ಅಲುಗಾಡದ ಸಮನೆಲದ ಮೇಲಿರಲಿ. ಕ್ಯಾನಿಸ್ಟರ್ ಮೇಲೆಯೇ ಕೂರುವ ಒಲೆಗೆ ಸುತ್ತ ಗಾಳಿಮರೆ ಮುಚ್ಚಬೇಡಿ, ಬಿಸಿ ಕೆಳಗೆ ಇಳಿದು ಕ್ಯಾನಿಸ್ಟರ್ ಸಿಡಿಯಬಹುದು. ತೀರ ಚಳಿಯ ಜಾಗದಲ್ಲಿ ಒಲೆ ಉರಿಯದಿದ್ದರೆ ಒಳಗಿರುವ ಅನಿಲ ಯಾವುದೆಂದು ಓದಿ. ಬರೀ ಬ್ಯೂಟೇನ್ ಮೈನಸ್ 0.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆವಿಯಾಗುವುದಿಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ, ಚಳಿಗೆ ಅದರ ಮಿಶ್ರಣವಿರುವ ಕ್ಯಾನಿಸ್ಟರ್ ಒಯ್ಯುವುದು ಅದಕ್ಕೇ.

ಟೆಂಟಿನೊಳಗೆ ಒಲೆ, ಇದ್ದಿಲು, ಕೆಂಡ ಯಾವುದೂ ಬರಕೂಡದು. ಮಳೆಯಿದ್ದರೂ, ಚಳಿಯಿದ್ದರೂ, ಬಾಗಿಲು ತೆರೆದಿದ್ದರೂ. "ಆರಿದ ಕೆಂಡ, ಮೂಲೇಲಿಟ್ಟರೆ ಬೆಚ್ಚಗಿರುತ್ತೆ" ಎಂದು ಯಾರಾದರೂ ಪ್ರೀತಿಯಿಂದಲೇ ತಂದಿಡುತ್ತಾರೆ. ಆರಿದಂತೆ ಕಾಣುವ ಕೆಂಡವೂ ಗಂಟೆಗಟ್ಟಲೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಇಂಥ ಹೊತ್ತಲ್ಲಿ ಹಿರಿಯರೆಂಬ ಸಂಕೋಚ ಇಟ್ಟುಕೊಳ್ಳಬೇಡಿ, ಎತ್ತಿ ಹೊರಗಿಟ್ಟು ಆಮೇಲೆ ಕ್ಷಮೆ ಕೇಳಿ. ಚಳಿಗೆ ಬಿಸಿನೀರು ತುಂಬಿದ ಗಟ್ಟಿ ಬಾಟಲಿಯ ಬಿರಡೆ ಭದ್ರಮಾಡಿ, ಕಾಲುಚೀಲದೊಳಗೆ ಹಾಕಿ ಪಾದದ ಹತ್ತಿರ ಇಟ್ಟುಕೊಂಡರಾಯಿತು.

ಗುಡುಗು ಕೇಳಿಸಿದರೆ ಟೆಂಟ್ ಆಸರೆಯಲ್ಲ. ಎಲ್ಲರನ್ನೂ ಗಟ್ಟಿ ಕಟ್ಟಡಕ್ಕೋ ಮುಚ್ಚಿದ ಕಾರಿಗೋ ಕರೆದೊಯ್ಯಿರಿ, ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಾಯಿರಿ. ತಿನ್ನುವ ಪದಾರ್ಥಗಳೂ ಟೆಂಟಿನಲ್ಲಿ ಬೇಡ, ಇರುವೆಯಿಂದ ಹಿಡಿದು ದೊಡ್ಡ ಪ್ರಾಣಿಯವರೆಗೆ ವಾಸನೆಗೆ ಬರುವವರು ಬಹಳ. ಮುಚ್ಚಳ ಭದ್ರವಿರುವ ಡಬ್ಬಿಗೆ ಹಾಕಿ ಗಾಡಿಯಲ್ಲಿಡಿ.

ಬಿಚ್ಚುವುದು

ಬಿಚ್ಚುವಾಗ ಎಲ್ಲರಿಗೂ ಸುಸ್ತು, ಅರ್ಧ ಜನರ ಮನಸ್ಸು ಆಗಲೇ ಮನೆ ಸೇರಿರುತ್ತದೆ. ಕಟ್ಟಿದ ಮೇಸ್ತ್ರಿಯೇ ಬಿಚ್ಚಲಿ. ಒಳಗಿನದ್ದೆಲ್ಲ ತೆಗೆದು, ಟೆಂಟನ್ನು ಎತ್ತಿ ಬಾಗಿಲು ಕೆಳಮುಖ ಮಾಡಿ ಕೊಡವಿದರೆ ಕಸ, ಕಾಣೆಯಾದ ಬಾಚಣಿಗೆ, ಯಾರದೋ ಕನ್ನಡಕ ಎಲ್ಲ ಉದುರುತ್ತದೆ. ಕಡ್ಡಿಯನ್ನು ತೋಳಿನಿಂದ ತಳ್ಳಿಯೇ ಹೊರತೆಗೆಯಿರಿ. ಮಡಚುವುದು ನಡುವಿನಿಂದ ಶುರುವಾಗಲಿ, ಆಗ ಒಳಗಿನ ಎಲಾಸ್ಟಿಕ್ ಎರಡೂ ಕಡೆ ಸಮನಾಗಿ ಎಳೆದುಕೊಳ್ಳುತ್ತದೆ. ಗೂಟವನ್ನು ಬಟ್ಟೆಯ ಪಟ್ಟಿ ಹಿಡಿದು ಎಳೆಯಬೇಡಿ, ಇನ್ನೊಂದು ಗೂಟದ ಕೊಕ್ಕೆ ಹಾಕಿ ಕೀಳಿ, ಒರೆಸಿ, ಖಜಾಂಚಿಗೆ ಒಪ್ಪಿಸಿ. ಚೀಲದ ಒಳಗೆ ಬರೆದ ಸಂಖ್ಯೆಗೆ ತಾಳೆಯಾಗುವವರೆಗೆ ಗಾಡಿ ಹೊರಡುವುದಿಲ್ಲ ಎಂದು ಖಜಾಂಚಿಗೆ ಹೇಳಿಟ್ಟರೆ, ಪಾಪ, ಅದು ಹಾಗೇ ನಡೆಸಿಕೊಡುತ್ತದೆ.

ಒದ್ದೆ ಟೆಂಟನ್ನು ಚೀಲದಲ್ಲಿ ಬಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ, ಆ ಕಲೆಯೂ ವಾಸನೆಯೂ ಹೋಗುವುದು ಕಷ್ಟ. ನಾಲ್ಕು ಮನೆಯವರು ಸೇರಿ ಹೋದಾಗ ಅದು ಯಾರ ಜವಾಬ್ದಾರಿ ಎಂಬುದೇ ತಪ್ಪಿಹೋಗುತ್ತದೆ. "ನಿಮ್ಮ ಗಾಡೀಲಿ ಇತ್ತಲ್ಲ", "ನಾನು ಅಕ್ಕನ ಮನೆಗೆ ಕೊಟ್ಟೆ" ಎಂದು ಮಾತು ಬೆಳೆಯುವಷ್ಟರಲ್ಲಿ ಬಟ್ಟೆ ಕಪ್ಪಾಗಿರುತ್ತದೆ. ಹೊರಡುವ ಮೊದಲೇ ಯಾವ ಟೆಂಟ್ ಯಾರ ಮನೆಗೆ ಎಂದು ಚೀಟಿ ಬರೆದು ಚೀಲಕ್ಕೆ ಕಟ್ಟಿ. ತೆಗೆದುಕೊಂಡು ಹೋದವರು ಆ ರಾತ್ರಿಯೇ, ತಪ್ಪಿದರೆ ಮರುದಿನ, ನೆರಳಿನಲ್ಲಿ ಹರಡಿ ಒಣಗಿಸಿ ಸಡಿಲವಾಗಿ ಮಡಚಿಡಲಿ. ಸ್ಲೀಪಿಂಗ್ ಬ್ಯಾಗುಗಳನ್ನು ಬಿಗಿ ಚೀಲದಿಂದ ತೆಗೆದು ದೊಡ್ಡ ಬಟ್ಟೆ ಚೀಲಕ್ಕೆ ಹಾಕಿ ನೇತುಹಾಕಲಿ.